ಮೂವರು ಗಾಂಧಿಯರು, ಒಂದು ಗೀತೆ

ಆಲ್ಫಾ, ಬೀಟಾ, ಗಾಮಾ ಎಂದು ಬಡಾವಣೆಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡಿರುವ ನಮ್ಮ ಗ್ರೇಟರ್ ನೋಯ್ಡಾದಲ್ಲಿ ಜನವರಿ ತಿಂಗಳ ಮಂಜು ಹೇಗಿರುತ್ತದೆಂದು ಓದುಗರಿಗೆ ಬೇರೆ ಹೇಳಬೇಕಿಲ್ಲ. ಬೆಳಗಿನ ಹತ್ತು ಗಂಟೆಯಾದರೂ ಎದುರು ಮನೆ ಕಾಣಿಸುವುದಿಲ್ಲ. ಯಜಮಾನರು ಆಫೀಸಿಗೆ ಹೋದ ಮೇಲೆ ನಾನು, ನನ್ನ ಹೀಟರು, ಒಂದು ಲೋಟ ಕಾಫಿ. ಈ ಸಲದ ಚಳಿಗಾಲದಲ್ಲಿ ಇವುಗಳ ಜೊತೆಗೆ ಗಾಂಧೀಜಿಯೂ ಸೇರಿಕೊಂಡರು. ಒಬ್ಬರಲ್ಲ, ಮೂವರು!

ಪುಣೆಯಲ್ಲಿ ಕೆಲಸದಲ್ಲಿರುವ ಮಗ ದೀಪಾವಳಿಗೆ ಬಂದಾಗ ಒಂದು ಪೆನ್ ಡ್ರೈವ್ ಕೈಗಿಟ್ಟು, "ಅಮ್ಮಾ, ತಾತನ ಗೀತೆಯನ್ನು ಅಮೆರಿಕನ್ನರು ಹೇಗೆ ಹಾಡಿದ್ದಾರೆ ನೋಡು" ಎಂದು ಹಿಂದಿಯಲ್ಲಿ ಹೇಳಿಹೋಗಿದ್ದ. ಹಿಂದಿಯಲ್ಲಿ ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅದು ಫಿಲಿಪ್ ಗ್ಲಾಸ್ ಎಂಬ ಅಮೆರಿಕನ್ ಸಂಗೀತಗಾರರ 'ಸತ್ಯಾಗ್ರಹ' ಎಂಬ ಒಪೇರಾ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕ. 1980ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಮೊದಲ ಪ್ರಯೋಗ ಕಂಡಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಗಾಂಧೀಜಿಯಾದ ಕಥೆ ಅದರ ವಸ್ತು. ಆದರೆ ಪಾತ್ರಗಳು ಆಡುವ ಮಾತು ಇಂಗ್ಲಿಷೂ ಅಲ್ಲ, ಗುಜರಾತಿಯೂ ಅಲ್ಲ. ಮೊದಲಿನಿಂದ ಕೊನೆಯವರೆಗೆ ಸಂಸ್ಕೃತ, ಅದೂ ಭಗವದ್ಗೀತೆಯ ಶ್ಲೋಕಗಳೇ. ಅವನ್ನು ಆರಿಸಿ ಜೋಡಿಸಿದವರು ಕಾನ್‌ಸ್ಟನ್ಸ್ ಡಿಜಾಂಗ್ ಎಂಬ ಲೇಖಕಿ. ಮೂರು ಅಂಕಗಳು. ಒಂದೊಂದರ ಮೇಲೂ ಒಬ್ಬೊಬ್ಬರು ಮೌನವಾಗಿ ಕುಳಿತು ನೋಡುತ್ತಿರುತ್ತಾರೆ: ಟಾಲ್‌ಸ್ಟಾಯ್, ನಮ್ಮ ರವೀಂದ್ರರು, ಮಾರ್ಟಿನ್ ಲೂಥರ್ ಕಿಂಗ್.

ಈ ಬಗೆಯ ಸಂಗೀತಕ್ಕೆ ಮಿನಿಮಲಿಸಂ ಎನ್ನುತ್ತಾರೆ. ಒಂದು ಚಿಕ್ಕ ಸ್ವರಗುಚ್ಛವನ್ನು ಹಿಡಿದುಕೊಂಡು ಮತ್ತೆ ಮತ್ತೆ ಅದನ್ನೇ ನುಡಿಸುವುದು, ನಡುವೆ ಗೊತ್ತಾಗದಂತೆ ಒಂದು ಸ್ವರ ಕೂಡಿಸುವುದು, ಒಂದು ಕಳೆಯುವುದು. ಚಿಕ್ಕಂದಿನಲ್ಲಿ ಸರಳೆ ವರಸೆ ಕಲಿತವರಿಗೆ ಇದೇನೂ ಗಾಬರಿ ಹುಟ್ಟಿಸುವುದಿಲ್ಲ. ಗ್ಲಾಸ್ 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪಂಡಿತ್ ರವಿಶಂಕರ್ ಮತ್ತು ತಬಲಾದ ಅಲ್ಲಾ ರಖಾ ಅವರ ಜೊತೆ ಕೆಲಸ ಮಾಡಿ ಲಯದ ಲೆಕ್ಕಾಚಾರ ಕಲಿತವರು ಎಂದು ತಿಳಿದಾಗ "ಹಾಗೆ ಹೇಳಿ ಮತ್ತೆ!" ಎಂದುಕೊಂಡೆ.

ಮೊದಲು ಕೇಳಿದ್ದು 1985ರಲ್ಲಿ ಸಿಬಿಎಸ್ ಕಂಪನಿ ಹೊರತಂದ ಧ್ವನಿಮುದ್ರಿಕೆ. ನ್ಯೂಯಾರ್ಕ್ ಸಿಟಿ ಒಪೇರಾದ ವಾದ್ಯವೃಂದ, ಮೇಳ. ನಿರ್ದೇಶನ ಕ್ರಿಸ್ಟೋಫರ್ ಕೀನ್ ಅವರದು. ಗಾಂಧಿಯಾಗಿ ಹಾಡಿದವರು ಡಗ್ಲಸ್ ಪೆರ್ರಿ, ರಾಟರ್‌ಡ್ಯಾಮಿನ ಮೊದಲ ಪ್ರಯೋಗದಲ್ಲೂ ಅವರೇ ಗಾಂಧಿ. ಡೋಲಿಲ್ಲ, ತುತ್ತೂರಿಯಿಲ್ಲ, ತಂತಿವಾದ್ಯ, ಕೊಳಲಿನ ಜಾತಿಯ ವಾದ್ಯಗಳು ಮತ್ತು ಆರ್ಗನ್ ಮಾತ್ರ. ಪೆರ್ರಿಯವರದು ತೆಳುವಾದ, ತಿಳಿಯಾದ ಕಂಠ. ಆದರೆ ಮೊದಲ ಐದು ನಿಮಿಷ ನನಗೆ ಸಂಗೀತವೇ ಕೇಳಿಸಲಿಲ್ಲ, ಬರೀ ತಪ್ಪುಗಳು ಕೇಳಿಸಿದವು. ಧರ್ಮ ಎಂಬುದು 'ದರ್ಮ'ವಾಗಿತ್ತು, ದೀರ್ಘ ಇರುವಲ್ಲಿ ಹ್ರಸ್ವ, ಹ್ರಸ್ವ ಇರುವಲ್ಲಿ ಉದ್ದಕ್ಕೆ ಎಳೆತ. ನನ್ನ ತಂದೆ ಶಿವಮೊಗ್ಗದ ಕಡೆಯ ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಮಹಾಪ್ರಾಣ ತಪ್ಪಿದರೆ ಊಟಕ್ಕೆ ಕುಳಿತವರನ್ನೂ ಎಬ್ಬಿಸಿ ಮತ್ತೆ ಹೇಳಿಸುತ್ತಿದ್ದರು. ಅವರಿಗೆ ಹೆದರಿಯೇ ನಾನು ಇಂಗ್ಲಿಷ್ ಬಿ.ಎ.ಗೆ ಸೇರಿದ್ದು ಎಂದರೆ ಸುಳ್ಳಲ್ಲ! ಗೀತೆಯನ್ನು ಬಾಯಿಬಿಟ್ಟು ಹೇಳುವುದನ್ನು ಆಗಲೇ ಬಿಟ್ಟಿದ್ದೆ. ತಪ್ಪು ಹುಡುಕುವ ಕಿವಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಎರಡನೆಯ ಅಂಕಕ್ಕೆ ಬರುವ ಹೊತ್ತಿಗೆ ಆ ಕಿವಿಗೆ ಪೆಟ್ಟು ಬಿತ್ತು. 1897ರ ಜನವರಿಯಲ್ಲಿ ಗಾಂಧೀಜಿ ಡರ್ಬನ್ನಿನಲ್ಲಿ ಹಡಗಿನಿಂದಿಳಿದು ಬೀದಿಯಲ್ಲಿ ನಡೆದಾಗ ಬಿಳಿಯರ ಗುಂಪು ಕಲ್ಲು ತೂರಿ ಹೊಡೆದದ್ದೂ, ಪೊಲೀಸ್ ಅಧಿಕಾರಿ ಅಲೆಕ್ಸಾಂಡರ್ ಅವರ ಹೆಂಡತಿ ಕೊಡೆ ಬಿಚ್ಚಿ ಅಡ್ಡ ನಿಂತದ್ದೂ ನೀವು ಓದಿರುತ್ತೀರಿ. ಆ ದೃಶ್ಯದಲ್ಲಿ ಮೇಳದವರು "ಹಾ ಹಾ ಹಾ" ಎಂದು ಸ್ವರಬದ್ಧವಾಗಿ ನಗುತ್ತಾರೆ. ನಿಲ್ಲಿಸುವುದೇ ಇಲ್ಲ. ಇದು ಬರೀ ಧ್ವನಿಮುದ್ರಿಕೆಯಾದ್ದರಿಂದ ಮುಖಗಳಿಲ್ಲ, ನಗು ಮಾತ್ರ. ಅದನ್ನು ಕೇಳುತ್ತ ನನಗೆ ಡರ್ಬನ್ ನೆನಪಾಗಲಿಲ್ಲ. ನೆನಪಾದದ್ದು 2005ರ ನವೆಂಬರ್ ತಿಂಗಳ ಒಂದು ಸಂಜೆ.

ಆಗ ಮಗನಿಗೆ ಏಳು ವರ್ಷ. ರಾಜ್ಯೋತ್ಸವದ ಸಮಾರಂಭವೊಂದರಲ್ಲಿ ತಾತನ ಊರಿನ ಬಗ್ಗೆ ನಾಲ್ಕು ಮಾತಾಡಲು ವೇದಿಕೆ ಹತ್ತಿದ್ದ. "ನಮ್ಮ ತಾತನ ಊರಿನಲ್ಲಿ ತುಂಬಾ ಮಲೆ ಬರುತ್ತದೆ" ಎಂದ. ಮಳೆ ಎನ್ನಲು ನಾಲಿಗೆ ಹೊರಳಲಿಲ್ಲ. ಸಭೆಯಲ್ಲಿ ನಗು ಎದ್ದಿತು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ, ಮುದ್ದಿಗೆ ನಕ್ಕದ್ದು. ಮೊದಲು ನಕ್ಕವಳು ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೇ. ಮಗು ನನ್ನನ್ನೊಮ್ಮೆ ನೋಡಿ ಕೆಳಗಿಳಿದುಬಂತು. ಅಂದಿನಿಂದ ನಾವು ಕನ್ನಡದಲ್ಲಿ ಕೇಳುವುದು, ಅವನು ಹಿಂದಿಯಲ್ಲಿ ಉತ್ತರ ಕೊಡುವುದು. ದೆಹಲಿ ಕಡೆ ಬೆಳೆದ ಮಕ್ಕಳೆಲ್ಲ ಹೀಗೇ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ.

ಎರಡನೆಯ ಗಾಂಧಿ ಲಿಯೋ ಗೋಕ್. ಇದು ಜರ್ಮನಿಯ ಸ್ಟುಟ್‌ಗಾರ್ಟ್ ಒಪೇರಾದ ಪ್ರಯೋಗ, 1983ರಲ್ಲಿ ಚಿತ್ರೀಕರಿಸಿದ್ದು. ವಾದ್ಯವೃಂದ ನಡೆಸಿದವರು ಡೆನ್ನಿಸ್ ರಸೆಲ್ ಡೇವಿಸ್. ರಂಗನಿರ್ದೇಶಕ ಆಕಿಮ್ ಫ್ರೈಯರ್ ಮೂಲತಃ ಚಿತ್ರಕಾರರು. ಆದ್ದರಿಂದ ಕಥೆ ಹಿಂದೆ ಸರಿದು, ಕನಸಿನಲ್ಲಿ ಕಂಡಂತಹ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ನೋಡಲು ಬೆರಗಾಗುತ್ತದೆ, ಆದರೆ ನನಗೆ ನಮ್ಮ ಗಾಂಧೀಜಿ ಅಲ್ಲಿ ಸ್ವಲ್ಪ ದೂರದವರೆನಿಸಿದರು.

ಮೂರನೆಯದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾದ್ದು. 2011ರ ನವೆಂಬರ್ 19ರಂದು ಚಿತ್ರಮಂದಿರಗಳಿಗೆ ನೇರ ಪ್ರಸಾರವಾಯಿತು. ನಿರ್ದೇಶನ ದಾಂತೆ ಅನ್ಜೋಲಿನಿ, ಗಾಂಧಿ ರಿಚರ್ಡ್ ಕ್ರಾಫ್ಟ್. ರಂಗದ ತುಂಬ ತಗಡಿನ ಗೋಡೆ, ಹಳೆಯ ಪತ್ರಿಕೆಯ ಕಾಗದದಿಂದ ಮಾಡಿದ ದೊಡ್ಡ ದೊಡ್ಡ ಬೊಂಬೆಗಳು. ಗಾಂಧೀಜಿಯ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ನೆನಪಿಗೆ ಇರಬೇಕು.

ಈ ನಾಟಕದ ಕೊನೆಗೆ ಗಾಂಧಿಯೊಬ್ಬರೇ ನಿಂತು ಹಾಡುವ ಸಂಧ್ಯಾಗೀತೆಯೊಂದಿದೆ. ಗೀತೆಯ ನಾಲ್ಕನೆಯ ಅಧ್ಯಾಯದ ಶ್ಲೋಕಗಳು. ರಾಗ ಏನು ಗೊತ್ತೇ? ಎಂಟು ಸ್ವರಗಳ ಒಂದು ಆರೋಹಣ, ಅಷ್ಟೇ. ನಮ್ಮ ಹನುಮತೋಡಿಯ ಸ್ವರಗಳು, ಹಿಂದೂಸ್ತಾನಿಯವರ ಭೈರವಿ ಥಾಟಿನವು. ಅವರ ಕಚೇರಿಗಳು ಭೈರವಿಯಲ್ಲಿ ಮುಗಿಯುವುದನ್ನು ಇಲ್ಲಿರುವ ನಾವೆಲ್ಲ ಕೇಳಿದ್ದೇವಲ್ಲ! ಗಮಕವಿಲ್ಲ, ಅವರೋಹಣವೂ ಇಲ್ಲ. ಮೂವತ್ತು ಸಲ ಅದೇ ಮೆಟ್ಟಿಲು ಹತ್ತುವುದು. ಪೆರ್ರಿ ಅದನ್ನು ಪಾಠ ಒಪ್ಪಿಸಿದಂತೆ ಶುದ್ಧವಾಗಿ ಹಾಡುತ್ತಾರೆ. ಕ್ರಾಫ್ಟ್ ಮೆತ್ತಗೆ, ಪ್ರತಿ ಸಲವೂ ಈಗಷ್ಟೇ ಕಲಿತವರಂತೆ ಹಾಡುತ್ತಾರೆ. ಹಿಂದೆ ಎತ್ತರದಲ್ಲಿ ಕಿಂಗ್ ನಮಗೆ ಬೆನ್ನು ಮಾಡಿ ಭಾಷಣ ಮಾಡುತ್ತಿರುತ್ತಾರೆ, ದನಿಯಿಲ್ಲದೆ. ಹತ್ತನೆಯ ಸಲದ ಹೊತ್ತಿಗೆ ನಾನು 'ದರ್ಮ'ವನ್ನು ಎಣಿಸುವುದು ಬಿಟ್ಟಿದ್ದೆ. ಇಪ್ಪತ್ತನೆಯದಕ್ಕೆ ನಾನೂ ದನಿಗೂಡಿಸಿದ್ದೆ, ಮೂವತ್ತೈದು ವರ್ಷಗಳ ಮೇಲೆ. ನನ್ನ ಸ್ವರವೂ ಎರಡು ಕಡೆ ತಪ್ಪಿತು.

ಆ ವರ್ಷದ ಡಿಸೆಂಬರ್ 1ರಂದು ಆ ರಂಗಮಂದಿರದ ಹೊರಗೆ ಪ್ರತಿಭಟನೆಗೆ ನೆರೆದವರ ನಡುವೆ ಫಿಲಿಪ್ ಗ್ಲಾಸ್ ಬಂದು ನಿಂತು ಇವೇ ಕೊನೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿದರಂತೆ. ಮೈಕಿಲ್ಲದ್ದರಿಂದ ಅವರು ಒಂದೊಂದು ತುಣುಕು ಹೇಳಿದಂತೆ ಸುತ್ತಲಿನವರು ಅದನ್ನೇ ಕೂಗಿ ಹಿಂದಿನವರಿಗೆ ಮುಟ್ಟಿಸಿದರು. ನಮ್ಮ ಪಾಠಶಾಲೆಯ ಪದ್ಧತಿಯೇ. ತಿದ್ದುವ ಮೇಷ್ಟ್ರು ಮಾತ್ರ ಇರಲಿಲ್ಲ.

ಅಂದು ರಾತ್ರಿ ಪುಣೆಗೆ ಫೋನು ಮಾಡಿ, ರಾಜ್ಯೋತ್ಸವದ ದಿನ ನಾನು ನಕ್ಕದ್ದು ತಪ್ಪು ಎಂದೆ. "ಛೋಡೋ ಮಾ, ಯಾವ ಕಾಲದ ಮಾತು" ಎಂದ. ಮರೆತಿರಲಿಲ್ಲ ಎಂದಾಯಿತು. ಆಮೇಲೆ ಯಾವ ಗಾಂಧಿ ಹಿಡಿಸಿದರು ಎಂಬುದರ ಮೇಲೆ ಅರ್ಧ ಗಂಟೆ ಮಾತು, ನನ್ನದು ಕನ್ನಡ, ಅವನದು ಹಿಂದಿ. ಫೋನಿಡುವ ಮುಂಚೆ ಮಾತ್ರ "ಊಟ ಆಯ್ತಾ? ಚಳಿ ಇದೆಯಾ?" ಎಂದು ಕೇಳಿದ. ಎರಡನೆಯ ಮಾತಿನಲ್ಲಿ ಒಂದು ಅಕ್ಷರ ತಪ್ಪಿತ್ತು. ನಾನು "ಇದೆ" ಎಂದಷ್ಟೇ ಹೇಳಿದೆ.

ನಿಮಗೂ ಬಿಡುವಿದ್ದರೆ ಈ ಮೂರನ್ನೂ ಕೇಳಿ, ನೋಡಿ. ಎಲ್ಲವೂ ಬೇಡವೆಂದರೆ ಕ್ರಾಫ್ಟ್ ಹಾಡಿದ ಕೊನೆಯ ಸಂಧ್ಯಾಗೀತೆಯೊಂದೇ ಸಾಕು. ಇನ್ನೊಂದು ಕೋರಿಕೆ ಇದೆ. ಬರುವ ರಾಜ್ಯೋತ್ಸವದಲ್ಲಿ ಯಾವುದಾದರೂ ಮಗು ವೇದಿಕೆಯ ಮೇಲೆ ಮಳೆಯನ್ನು ಮಲೆ ಎಂದರೆ, ದಯವಿಟ್ಟು ನಗಬೇಡಿ. ಮಲೆನಾಡಿನವಳಾಗಿ ಹೇಳುತ್ತೇನೆ, ನಮ್ಮೂರಿನಲ್ಲಿ ಎರಡೂ ಉಂಟು.