ಮೊದಲ ಸುತ್ತಿಗೆ ಮಾತ್ರ ಜೋರು ಉರಿ

ತ್ಯಾಗರಾಜನಗರದ ಈ ಮೇಷ್ಟ್ರು ನಿವೃತ್ತರಾದರೂ ಅನಿಲಿನ್‌ನ ನಂಟು ಬಿಟ್ಟಿಲ್ಲ. ವಾರಕ್ಕೆರಡು ದಿನ ತಮ್ಮ ಹಳೆಯ ಕಾಲೇಜಿನ ಲ್ಯಾಬಿಗೆ ಹೋಗಿ, ಲೋಹದ ಪಟ್ಟಿಯ ಮೇಲೆ ಕರೆಂಟು ಹರಿಸಿ ಪಾಲಿಅನಿಲಿನ್ ಪೊರೆ ಬೆಳೆಸುತ್ತಾರೆ. ಮೊನ್ನೆ ವಿದ್ಯಾರ್ಥಿಯೊಬ್ಬ ತೋರಿಸಿದ ಪ್ಲಾಟಿನಂ ಪಟ್ಟಿ ನೋಡಿ ಅವರ ಮುಖ ಬಾಡಿತು. ಹಸಿರಾಗಿ ಅಂಟಿ ಕೂರಬೇಕಾದ ಪೊರೆ ಕಂದುಗಪ್ಪಾಗಿ, ತೊಳೆಯುವಷ್ಟರಲ್ಲಿ ಎದ್ದು ಬರುತ್ತಿತ್ತು.

“ಎಲ್ಲಿಯವರೆಗೆ ಏರಿಸಿದೆಯಪ್ಪಾ?”

“ಪ್ರತಿ ಸುತ್ತಿನಲ್ಲೂ 1 ವೋಲ್ಟ್, ಸಾರ್.”

ಮೇಷ್ಟ್ರ ಜಗಳವೆಲ್ಲ ಇಲ್ಲೇ. ಕಾವಲಿ ಚೆನ್ನಾಗಿ ಕಾದ ಮೇಲೆ ನೀರು ಚಿಮುಕಿಸಿ, ಉರಿ ಇಳಿಸಿ ತಾನೇ ದೋಸೆ ಹುಯ್ಯುವುದು? ಬರೀ ಪ್ಲಾಟಿನಂ ಮೇಲೆ ಅನಿಲಿನ್ ಕಚ್ಚಿಕೊಳ್ಳಬೇಕಾದರೆ ಮೊದಲ ಸುತ್ತು, ಕ್ಯಾಲಮೆಲ್ ಎಲೆಕ್ಟ್ರೋಡಿನ ಲೆಕ್ಕದಲ್ಲಿ, 0.9 ವೋಲ್ಟಿನ ಆಸುಪಾಸಿಗೆ ಏರಲೇಬೇಕು. ಒಮ್ಮೆ ತೆಳುವಾಗಿ ಕೂತಿತೆಂದರೆ ಆ ಪೊರೆಯೇ ಮುಂದಿನ ಬೆಳವಣಿಗೆಗೆ ವೇಗವರ್ಧಕ. ಆಮೇಲೆ 0.75ಕ್ಕೆ ನಿಲ್ಲಿಸಿದರೂ ಸುತ್ತಿನಿಂದ ಸುತ್ತಿಗೆ ಕರೆಂಟು ಏರುತ್ತದೆ. ಉರಿ ಇಳಿಸದಿದ್ದರೆ ಬೆಳೆದದ್ದೇ ಮುರಿದು ಕ್ವಿನೋನ್ ಆಗುತ್ತದೆ, ಗ್ರಾಫಿನಲ್ಲಿ 0.5 ವೋಲ್ಟಿನ ಹತ್ತಿರ ನಡುವೆಯೊಂದು ಗುಡ್ಡ ಎದ್ದು ಅದನ್ನು ಸಾರಿ ಹೇಳುತ್ತದೆ. ಆ ಗುಡ್ಡವನ್ನೇ “ಪೊರೆ ದಪ್ಪವಾಗಿದೆ” ಎಂದು ಮೆರೆಸುವವರನ್ನು ಕಂಡರೆ ಮೇಷ್ಟ್ರಿಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಾಟಲಿಯಲ್ಲಿ ಕೆಂಪು-ಕಂದಾದ ಅನಿಲಿನ್ ಅನ್ನು ಸತುವಿನ ಪುಡಿ ಹಾಕಿ ಬಟ್ಟಿ ಇಳಿಸದೆ ಹಾಗೇ ಸುರಿಯುವವರ ಮೇಲೂ ಅಷ್ಟೇ ಸಿಟ್ಟು. ಒಂದು ಗಂಟೆ ಉಳಿಸಲು ಹೋಗಿ ಒಂದು ವಾರ ಹಾಳು ಮಾಡಿಕೊಳ್ಳುತ್ತಾರೆ!

ಸಿಟ್ಟು ಇಳಿದರೆ ಅವರ ಮಾತು ಲಂಡನ್ನಿಗೆ ಹೊರಳುತ್ತದೆ. 1862ರಲ್ಲಿ ಹೆನ್ರಿ ಲೆಥೆಬಿ ಆಮ್ಲದಲ್ಲಿ ಅನಿಲಿನ್ ಕರಗಿಸಿ ಕರೆಂಟು ಹರಿಸಿದಾಗ ಪ್ಲಾಟಿನಂ ಮೇಲೆ ನೀಲಿ-ಹಸಿರು ಪದರ ಕೂತಿತ್ತು. ‘ಪಾಲಿಮರ್’ ಎಂಬುದು ಏನೆಂದು ಲೋಕಕ್ಕೆ ತಿಳಿಯದ ಕಾಲ ಅದು. 1985ರಲ್ಲಿ ಡೆಬೆರ‍್ರಿ, ಇದೇ ಪೊರೆ ಸ್ಟೇನ್‌ಲೆಸ್ ಸ್ಟೀಲನ್ನು ಗಂಧಕಾಮ್ಲದಲ್ಲೂ ಕಾಯಬಲ್ಲದೆಂದು ತೋರಿಸಿದರು. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುನಿಚಂದ್ರಯ್ಯ ಮತ್ತು ಪ್ರಸಾದ್ ಪ್ಲಾಟಿನಂ ಬದಿಗಿಟ್ಟು, ಅಗ್ಗದ ಸ್ಟೀಲಿನ ಮೇಲೆಯೇ ಪಾಲಿಅನಿಲಿನ್ ಬೆಳೆಸಿ 450 ಫ್ಯಾರಡ್‌ನ ಸೂಪರ್‌ಕೆಪಾಸಿಟರ್ ಮಾಡಿ 2002ರಲ್ಲಿ ಪ್ರಕಟಿಸಿದರು. ಇದನ್ನು ಹೇಳುವಾಗ ಮೇಷ್ಟ್ರ ದನಿ ತಾನಾಗಿ ಏರುತ್ತದೆ.

ಆ ದಿನ ಪಟ್ಟಿಯನ್ನು ಉಜ್ಜಿ ತೊಳೆದು, ಹೊಸದಾಗಿ ಪೊರೆ ಬೆಳೆಸಿ, ಅನಿಲಿನ್ ಇಲ್ಲದ ಬರೀ ಆಮ್ಲದಲ್ಲಿ ಇಳಿಬಿಟ್ಟರು. ವೋಲ್ಟು ಇಳಿದಾಗ ತಿಳಿಹಳದಿ, ಏರುತ್ತ ಹಸಿರು, ಇನ್ನೂ ಏರಿದರೆ ನೀಲಿ. ಮತ್ತೆ ಇಳಿಸಿದರೆ ಹಸಿರು, ಹಳದಿ. ಮೂರನೆಯ ಸಲ ಗುಂಡಿ ತಿರುಗಿಸಲು ಹುಡುಗನೇ ಕೈ ಚಾಚಿದ.