ಸಂಶಯವೂ ಪರೀಕ್ಷೆಯೂ

ಬ್ರಹ್ಮಾವರದ ತರುಣ ಛಾಯಾಗ್ರಾಹಕನೊಬ್ಬನು ಬೈಂದೂರಿನ ಕಡೆಯ ಹರಕೆ ಬಯಲಾಟವೊಂದನ್ನು ಚಿತ್ರೀಕರಿಸಲು ಒಪ್ಪಿಕೊಂಡಿದ್ದನು. ಹಿರಿಯ ವೇಷಧಾರಿಗಳೊಬ್ಬರು ಅದೇ ತಮ್ಮ ಕೊನೆಯ ವೇಷವೆಂದು ತಿಳಿಸಿದ್ದರು. ದಾರಿಯಲ್ಲಿ ಕುಂದಾಪುರದಲ್ಲಿ ಇಳಿದು ಸಲಕರಣೆಗಳನ್ನು ಪರೀಕ್ಷಿಸಿದಾಗ, ಗಿಂಬಲ್ ನಡುಗತೊಡಗಿತು.

ನಡೆಯುವವನ ಕೈಯಲ್ಲಿಯೂ ಕ್ಯಾಮರಾವನ್ನು ಸ್ಥಿರವಾಗಿ ಹಿಡಿಯುವ ಸಾಧನವೇ ಗಿಂಬಲ್. ಮೂರು ಅಕ್ಷಗಳಿಗೆ ಮೂರು ಮೋಟಾರುಗಳು. ಕೈಯ ಓಲಾಟವನ್ನು ಸಂವೇದಕವು ಅರಿತೊಡನೆ ಅವು ವಿರುದ್ಧ ದಿಕ್ಕಿಗೆ ತಿರುಗಿ ಸರಿದೂಗಿಸುತ್ತವೆ. 1975ರಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ ತೂಕ ಮತ್ತು ಸ್ಪ್ರಿಂಗುಗಳಿಂದ ಸಾಧಿಸಿದ್ದನ್ನು ಇಲ್ಲಿ ವಿದ್ಯುತ್ತು ಸಾಧಿಸುತ್ತದೆ.

ಮೋಟಾರು ಸುಟ್ಟಿತೆಂದು ಆತನು ಮೊದಲು ಬಗೆದನು. ಬಳಿಕ ಕಡಲಗಾಳಿಗೆ ತಾಮ್ರವು ಕಿಲುಬು ಹಿಡಿಯಿತೆಂದು ಶಂಕಿಸಿದನು. ಆಗ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ನೆನಪಾದರು. ಬಲ್ಬು ಉರಿಯದಿದ್ದರೆ, ಬಲ್ಬನ್ನು ದೂರುವ ಮುನ್ನ ತಂತಿಯನ್ನು ಪರೀಕ್ಷಿಸಬೇಕೆಂದು ಅವರು ಹೇಳುತ್ತಿದ್ದರು.

ಪರಿಚಯದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕುಳಿತು ಆತನು ಬ್ಯಾಟರಿಯನ್ನು ಕಳಚಿದನು. ಕ್ಯಾಮರಾ ಇಟ್ಟ ಭಂಗಿಯಲ್ಲಿಯೇ ನಿಂತಿತು; ಆದುದರಿಂದ ತೂಕದ ಸಮತೋಲನದಲ್ಲಿ ದೋಷವಿರಲಿಲ್ಲ. ಮೋಟಾರಿನ ತಂತಿಗಳನ್ನು ನಿಯಂತ್ರಕ ಫಲಕದಿಂದ ಬಿಡಿಸಿ, ಮಲ್ಟಿಮೀಟರಿನಿಂದ ಎರಡೆರಡಾಗಿ ಅಳೆದನು. ಪ್ರತಿ ಮೋಟಾರಿಗೂ ಮೂರು ತಂತಿಗಳು. ಮೂರು ಜೋಡಿಗಳ ರೋಧವೂ ಸಮವಾಗಿರಬೇಕು. ಎಲ್ಲವೂ ಸಮವಾಗಿಯೇ ಇತ್ತು. ಆದರೆ ತೋಳನ್ನು ಬಾಗಿಸಿದೊಡನೆ ಒಂದು ಮೋಟಾರಿನ ಎರಡು ಜೋಡಿಗಳಲ್ಲಿ ಸಂಪರ್ಕ ಕಡಿಯಿತು, ಮೂರನೆಯದು ಉಳಿಯಿತು. ಕಡಿದ ಎರಡೂ ಜೋಡಿಗಳಲ್ಲಿದ್ದ ತಂತಿಯೇ ಅಪರಾಧಿ! ಮೋಟಾರಿನ ಬುಡದಲ್ಲಿ ಅಳೆದಾಗ ಯಾವ ವ್ಯತ್ಯಾಸವೂ ಕಾಣದೆ, ಮೋಟಾರು ನಿರ್ದೋಷಿಯೆಂದು ಖಚಿತವಾಯಿತು.

ಹೊರಗಿನ ಹೊದಿಕೆ ಅಖಂಡವಾಗಿತ್ತು. ಒಳಗಿನ ಎಳೆಗಳು ತುಂಡಾಗಿದ್ದವು. ಅದೂ ಎಲ್ಲಿ? ತೋಳು ಬಾಗುವೆಡೆಯಲ್ಲಿ, ಹಿಂದಿನ ತಿಂಗಳು ಅಂದವಾಗಿರಲೆಂದು ಆತನೇ ಬಿಗಿದು ಕಟ್ಟಿದ್ದ ಜಾಗದಲ್ಲಿ. ಕಡಲಿನ ತಪ್ಪೂ ಅಲ್ಲ, ಯಂತ್ರದ ತಪ್ಪೂ ಅಲ್ಲ. ಆತನು ನಾಚಿದನು.

ಮುರಿದ ಭಾಗವನ್ನು ತೆಗೆದು, ಸಣ್ಣ ಎಳೆಗಳ ಮೆದುವಾದ ತಂತಿಯನ್ನು ಬೆಸೆದು, ಮೇಲೆ ಕೊಳವೆಯ ಹೊದಿಕೆ ತೊಡಿಸಿ, ಬಾಗುವೆಡೆಯಲ್ಲಿ ಈ ಬಾರಿ ಕೊಂಚ ಸಡಿಲ ಬಿಟ್ಟನು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯನ್ನು ದಾಟುವಾಗ ಸೂರ್ಯನು ಮುಳುಗುತ್ತಿದ್ದನು.

ಆ ರಾತ್ರಿ ಚೆಂಡೆಯ ನುಡಿತಕ್ಕೆ ಹಿರಿಯರ ಕಾಲುಗಳು ತುಸು ನಡುಗಿದವು. ಚಿತ್ರ ಮಾತ್ರ ನಡುಗಲಿಲ್ಲ. ಚಲಿಸಬೇಕಾದುದನ್ನು ಬಿಗಿದು ಕಟ್ಟಬಾರದು, ಅಳೆಯದೆ ಯಾರನ್ನೂ ದೂರಬಾರದು. ಆ ಮಧ್ಯಾಹ್ನ ಆತನು ಕಲಿತುದು ಇಷ್ಟೇ. ಅದು ಅಲ್ಪವೇನಲ್ಲ.