ಮಣ್ಣು ನೋಡುವವರ ದಾರಿಖರ್ಚು

ಶಾಸನಸಭೆಯ ಸಮಿತಿಯೊಂದು ಪ್ರವಾಸ ಹೊರಡುವುದೆಂಬ ಸುದ್ದಿಯನ್ನು ವರ್ತಮಾನಪತ್ರಿಕೆಯಲ್ಲಿ ಓದಿದ ಗೃಹಸ್ಥನು, ಅವರು ಹೋಗುವುದು ಎಲ್ಲಿಗೆ ಎಂದು ಕೇಳುವುದಕ್ಕೆ ಮುಂಚೆ ಖರ್ಚು ಯಾರದೆಂದು ಕೇಳುತ್ತಾನೆ. ಕೇಳುವುದು ತಪ್ಪಲ್ಲ; ತೆರಿಗೆ ತೆತ್ತವನಿಗೆ ಆ ಅಧಿಕಾರವುಂಟು. ಅದರಲ್ಲಿಯೂ ಅವರು ನೋಡಹೊರಟಿರುವುದು ಅಣೆಕಟ್ಟನ್ನಲ್ಲ, ಬಂದರನ್ನಲ್ಲ, ಬರಿಯ ಮಣ್ಣನ್ನು ಎಂದು ತಿಳಿದರೆ ಆತನ ಹುಬ್ಬು ಇನ್ನಷ್ಟು ಮೇಲೇರುವುದು. ಮಣ್ಣನ್ನು ನೋಡಲು ಅಷ್ಟು ದೂರ ಹೋಗಬೇಕೆ? ಹಿತ್ತಿಲಲ್ಲಿ ಬೇಕಾದಷ್ಟು ಬಿದ್ದಿದೆ. ಪರೀಕ್ಷೆಯೇ ಆಗಬೇಕಾದರೆ ನಾಲ್ಕು ಹಿಡಿಯನ್ನು ಚೀಲದಲ್ಲಿ ಕಟ್ಟಿ ಪ್ರಯೋಗಶಾಲೆಗೆ ಕಳುಹಿಸಿದರಾಯಿತು. ಸಾರಜನಕವೆಷ್ಟು, ರಂಜಕವೆಷ್ಟು, ಸುಣ್ಣವೆಷ್ಟು ಎಂದು ಅಲ್ಲಿಯವರು ಬರೆದು ತಿಳಿಸುವರು.

ಆದರೆ ಚೀಲದಲ್ಲಿ ಕಟ್ಟಿದ ಮಣ್ಣು ತನ್ನ ಗುಣವನ್ನು ಹೇಳೀತೇ ಹೊರತು ತನ್ನ ಕಥೆಯನ್ನು ಹೇಳಲಾರದು. ಮಳೆ ಸುರಿದಾಗ ಅದು ನೀರನ್ನು ಕುಡಿಯಿತೊ, ನೀರಿನ ಸಂಗಡ ತಾನೂ ಹೊರಟುಹೋಯಿತೊ, ಅದರ ಮೇಲೆ ನೂರು ವರ್ಷಗಳ ಹಿಂದೆ ನಿಂತಿದ್ದುದು ಕಾಡೊ ಕಲ್ಲೊ, ಇವು ಚೀಲದೊಳಗೆ ಬರುವ ಸಂಗತಿಗಳಲ್ಲ. ಈ ಭೇದವನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಶಾಸಕರು ಕಲಿತ ಬಗೆ ಸ್ವಾರಸ್ಯವಾದುದು. ಅವರು ಅದನ್ನು ಎರಡು ಸಲ, ಎರಡು ಬಗೆಯ ಖರ್ಚಿನಿಂದ ಕಲಿತರು.

ಅಲ್ಲಿಯ ಕೃಷಿ ಇಲಾಖೆಯಲ್ಲಿ ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣಿನ ಶಾಸ್ತ್ರಜ್ಞನಿದ್ದನು. 1905ರಲ್ಲಿ ಆತನು ವರ್ಜೀನಿಯಾ ಸಂಸ್ಥಾನದ ಲೂಯೀಸಾ ಪ್ರಾಂತದಲ್ಲಿ ಮಣ್ಣಿನ ಮೋಜಣಿಗೆ ಹೋಗಿದ್ದಾಗ ಒಂದೇ ಇಳಿಜಾರಿನಲ್ಲಿ ಎರಡು ತುಂಡು ನೆಲಗಳನ್ನು ಕಂಡನು. ಒಂದು ಕಾಡು, ಅದರ ಮಣ್ಣು ಕೈಯಲ್ಲಿ ಹಿಡಿದರೆ ಉದುರುವಷ್ಟು ಮೃದು, ತೇವಭರಿತ. ಇನ್ನೊಂದು ಉತ್ತು ಬಿತ್ತಿದ ಹೊಲ. ಅಲ್ಲಿ ಉಳಿದಿದ್ದುದು ಗಟ್ಟಿಯಾದ ಜೇಡಿ. ಮೇಲ್ಮಣ್ಣು ಪದರ ಪದರವಾಗಿ, ರೈತನ ಕಣ್ಣಿಗೆ ಕೊರಕಲಾಗಿ ಕಾಣದ ಹಾಗೆ, ಮಳೆಯೊಡನೆ ಜಾರಿಹೋಗಿದ್ದಿತು. ಆ ದಿನದಿಂದ ಬೆನೆಟ್ಟನಿಗೆ ಬೇರೆ ಮಾತೇ ಇಲ್ಲವಾಯಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆತನು ಅದನ್ನೇ ಬರೆದನು, ಅದನ್ನೇ ಆಡಿದನು. ಒಂದೇ ವಿಷಯವನ್ನು ಹಿಡಿದ ಮನುಷ್ಯನನ್ನು ಕಂಡರೆ ಸಭ್ಯರು ಹಾದಿ ತಪ್ಪಿಸಿ ನಡೆಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ಆದರೂ 1929ರಲ್ಲಿ ಟೆಕ್ಸಾಸಿನ ಪ್ರತಿನಿಧಿಯಾದ ಜೇಮ್ಸ್ ಬ್ಯೂಕನನ್ ಎಂಬಾತನ ತಿದ್ದುಪಡಿಯಿಂದ ಮಣ್ಣಿನ ಸವಕಳಿಯ ಪ್ರಯೋಗಗಳಿಗಾಗಿ 1,60,000 ಡಾಲರುಗಳು ಮಂಜೂರಾದುವು. ಬೆನೆಟ್ಟನು ಶಾಸಕರ ಎದುರಿನ ಮೇಜಿನ ಮೇಲೆ ದಪ್ಪನೆಯ ಅಂಗವಸ್ತ್ರವನ್ನು ಹಾಸಿ ನೀರು ಸುರಿದನಂತೆ; ಬಟ್ಟೆ ನೀರನ್ನು ಹೀರಿತು. ಬಟ್ಟೆಯನ್ನು ತೆಗೆದು ಮತ್ತೆ ಸುರಿದನಂತೆ. ನೀರು ಮೇಜಿನಿಂದ ಹರಿದು ಮಾನ್ಯ ಸದಸ್ಯರ ಮಡಿಲಿಗೆ ಇಳಿಯಿತು. ಇದು ಕೇಳಿದ ಮಾತು. ಆದರೆ ಅಂಕಿ ಅಂಶಗಳ ಹತ್ತು ಪುಟಗಳು ಮಾಡಲಾರದ ಕೆಲಸವನ್ನು ಒಂದು ಚೆಂಬು ನೀರು ಮಾಡಬಲ್ಲುದೆಂಬುದನ್ನು ಯಾರೂ ಸಂದೇಹಿಸಲಾರರು.

ಅನಂತರ ಬಂದುದು ಧೂಳು. ನಡುನಾಡಿನ ಬಯಲುಗಳಲ್ಲಿ ಹುಲ್ಲನ್ನು ಕಿತ್ತು ಗೋಧಿ ಬಿತ್ತಿದ್ದರು. ಮಳೆ ಕೈಕೊಟ್ಟಿತು, ಹಿಡಿದು ನಿಲ್ಲಿಸುವ ಬೇರಿಲ್ಲದ ಮಣ್ಣನ್ನು ಗಾಳಿ ಎತ್ತಿಕೊಂಡಿತು. 1934ರ ಮೇ ತಿಂಗಳಲ್ಲಿ ಅದು ಸಾವಿರ ಮೈಲಿಗಳಾಚೆಯ ನ್ಯೂಯಾರ್ಕಿನ ಮೇಲೆ ಕವಿದು, ಅಟ್ಲಾಂಟಿಕ್ ಸಮುದ್ರದಲ್ಲಿ ಸಾಗುತ್ತಿದ್ದ ಹಡಗುಗಳ ಮೇಲೆಯೂ ಬಿದ್ದಿತು. ಮರು ವಸಂತದಲ್ಲಿ ಬೆನೆಟ್ಟನು ಸೆನೆಟ್ ಸಭೆಯ ಸಮಿತಿಯೊಂದರ ಮುಂದೆ ಸಾಕ್ಷ್ಯ ನುಡಿಯುತ್ತಿದ್ದಾಗ ಇನ್ನೊಂದು ಧೂಳಿನ ಮೋಡವು ರಾಜಧಾನಿಯ ಕಡೆಗೆ ಬರುತ್ತಿದೆಯೆಂದು ಆತನಿಗೆ ತಿಳಿದಿದ್ದಿತೆಂದೂ, ಅದು ಬರುವವರೆಗೆ ಆತನು ಬೇಕೆಂದೇ ಮಾತನ್ನು ಎಳೆದನೆಂದೂ, ಕಡೆಗೆ ಕಿಟಕಿಯ ಹೊರಗೆ ಹಗಲು ಮಸಕಾಯಿತೆಂದೂ ಕಥೆಯುಂಟು. ಹೇಳುವವರು ಸ್ವಲ್ಪ ಬಣ್ಣ ಕಟ್ಟಿದ್ದಿರಬಹುದು. 1935ರ ಏಪ್ರಿಲ್ 27ರಂದು ಮಣ್ಣಿನ ರಕ್ಷಣೆಯ ಕಾಯಿದೆ ಜಾರಿಗೆ ಬಂದುದು ಮಾತ್ರ ಕಟ್ಟುಕಥೆಯಲ್ಲ. ಈ ಪಾಠಕ್ಕಾಗಿ ಸಮಿತಿಯವರು ಕುರ್ಚಿ ಬಿಟ್ಟು ಏಳಬೇಕಾಗಲಿಲ್ಲ. ಮಣ್ಣೇ ಅವರ ಬಳಿಗೆ ಪ್ರವಾಸ ಬಂದಿತು. ಅದರ ದಾರಿಖರ್ಚು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಕೆನ್ಸಾಸ್, ಓಕ್ಲಹೋಮಾ ಪ್ರಾಂತಗಳ ರೈತರು ಹೊಲವನ್ನೂ ಮನೆಯನ್ನೂ ಬಿಟ್ಟು, ಹಾಸಿಗೆ ಪಾತ್ರೆಗಳನ್ನು ಮೋಟಾರಿನ ಮೇಲೆ ಹೇರಿಕೊಂಡು ಪಶ್ಚಿಮಕ್ಕೆ ಹೋಗುತ್ತ ಅದನ್ನು ತೆತ್ತರು.

ಎರಡನೆಯ ಸಲ ಶಾಸಕರು ಕೊಂಚ ಮುಂದಾಲೋಚನೆ ತೋರಿದರು. ಸಾವಿರಾರು ವರ್ಷ ಉತ್ತ ಹಳೆಯ ದೇಶಗಳ ನೆಲವು ಏನಾಯಿತು, ಅದರಿಂದ ಹೊಸ ದೇಶವು ತಿಳಿಯತಕ್ಕದ್ದೇನು ಎಂಬುದನ್ನು ಕಂಡುಬರಬೇಕೆಂದು ಕಾಂಗ್ರೆಸ್ಸಿನ ಒಂದು ಸಮಿತಿಯು ಕೇಳಿಕೊಂಡಿತು. ಮಣ್ಣಿನ ರಕ್ಷಣೆಯ ಇಲಾಖೆಯು ತನ್ನ ಹಿರಿಯ ಅಧಿಕಾರಿಯಾದ ವಾಲ್ಟರ್ ಲೌಡರ್‌ಮಿಲ್ಕ್ ಎಂಬಾತನನ್ನು 1938ರಲ್ಲಿ ಕಳುಹಿಸಿತು. ಸದಸ್ಯರು ತಾವು ಹೊರಡದೆ ತಿಳಿದವನನ್ನು ಕಳುಹಿಸಿದುದು ಅವರಿಗೆ ಭೂಷಣವೇ ಸರಿ. ಈತನು ಅದಕ್ಕೆ ಮೊದಲು ಚೀನಾದ ನಾನ್‌ಕಿಂಗ್ ವಿಶ್ವವಿದ್ಯಾಲಯದಲ್ಲಿದ್ದು, ಹೂಳಿನಿಂದ ತುಂಬಿ ಬಯಲಿಗಿಂತ ಎತ್ತರದಲ್ಲಿ ಹರಿಯುವ ಹಳದಿ ನದಿಯನ್ನು ಕಂಡವನು. ಗುಡಿಗಳ ಸುತ್ತಣ ಕಾಡಿನಿಂದ ಇಳಿಯುವ ನೀರನ್ನೂ ಬೋಳುಗುಡ್ಡದಿಂದ ಇಳಿಯುವ ನೀರನ್ನೂ ಅಳೆದು ಹೋಲಿಸಿದವನು.

ಹೆಂಡತಿ ಮಕ್ಕಳೊಡನೆ ಆತನು ಇಂಗ್ಲೆಂಡು, ಹಾಲೆಂಡು, ಫ್ರಾನ್ಸು, ಇಟಲಿ, ಆಲ್ಜೀರಿಯಾ, ಟ್ಯೂನಿಸಿಯಾ, ಈಜಿಪ್ಟು, ಪ್ಯಾಲೆಸ್ಟೈನು, ಸಿರಿಯಾ, ಇರಾಕು ಇವುಗಳಲ್ಲಿ ಮೋಟಾರಿನಲ್ಲಿಯೇ 25,000 ಮೈಲಿಗೆ ಮೇಲ್ಪಟ್ಟು ಸಂಚರಿಸಿದನು. ಸರ್ಕಾರದ ಕೆಲಸಕ್ಕೆ ಸಂಸಾರವೇಕೆ ಎಂದು ಗೃಹಸ್ಥನು ಇಲ್ಲಿ ಮತ್ತೆ ಹುಬ್ಬೇರಿಸಬಹುದು, ಏರಿಸಲಿ. ಆತನು ಕಂಡುದನ್ನು ಕೇಳಿ ಅನಂತರ ಇಳಿಸಬಹುದು. ಉತ್ತರ ಸಿರಿಯಾದ ಗುಡ್ಡಗಳಲ್ಲಿ ಜನರು ತೊರೆದ ನೂರಾರು ಊರುಗಳಿವೆ. ಕಲ್ಲಿನ ಮನೆಗಳು, ಇಗರ್ಜಿಗಳು, ಎಣ್ಣೆಯ ಗಾಣಗಳು ಇನ್ನೂ ನಿಂತಿವೆ. ಆದರೆ ಬಾಗಿಲಿನ ಹೊಸ್ತಿಲು ನೆಲದಿಂದ ಮೂರು ಅಡಿಯಿಂದ ಆರು ಅಡಿಯವರೆಗೆ ಮೇಲಿದೆ. ಮನೆ ಮೇಲೇರಲಿಲ್ಲ, ನೆಲ ಕೆಳಗಿಳಿಯಿತು. ಓಲಿವ್ ತೋಪುಗಳನ್ನು ಸಾಕಿದ ಮಣ್ಣು ಹೋಗಿ ಬರಿಯ ಸುಣ್ಣಕಲ್ಲು ಉಳಿಯಿತು. ಹೊಸ್ತಿಲನ್ನು ಅಳತೆಗೋಲಾಗಿ ಮಾಡಿಕೊಂಡು ಕಳೆದುಹೋದ ಮಣ್ಣನ್ನು ಲೆಕ್ಕಹಾಕುವ ಈ ಉಪಾಯವು ಯಾವ ಪ್ರಯೋಗಶಾಲೆಗೆ ಹೊಳೆದೀತು? ಆಲ್ಜೀರಿಯಾದಲ್ಲಿ ರೋಮನರು ಸುಮಾರು ಕ್ರಿ. ಶ. 100ರಲ್ಲಿ ಕಟ್ಟಿದ ತಿಮ್ಗಾದ್ ನಗರವು ಶತಮಾನಗಳ ಕಾಲ ಧೂಳಿನಲ್ಲಿ ಹೂತಿದ್ದಿತು. ಮಳೆ ಕಡಮೆಯಾದುದರಿಂದ ಆ ಸೀಮೆ ಕೆಟ್ಟಿತೆಂದು ಕೆಲವರು ವಾದಿಸುತ್ತಿದ್ದರು. ಈತನು ಅಲ್ಲಿ ಹೊಸದಾಗಿ ನೆಟ್ಟ ಓಲಿವ್ ಗಿಡಗಳು ಚೆನ್ನಾಗಿ ಬೆಳೆಯುತ್ತಿದ್ದುದನ್ನು ತೋರಿಸಿ, ಕೆಟ್ಟುದು ಆಕಾಶವಲ್ಲ, ಒಕ್ಕಲುತನ ಎಂದನು.

ಆತನು ಹೇಳಿದುದೆಲ್ಲವೂ ವೇದವಾಕ್ಯವಲ್ಲ. ಮೆಡಿಟರೇನಿಯನ್ ಕಣಿವೆಗಳ ಹೂಳನ್ನು ಮುಂದೆ ಶೋಧಿಸಿದವರಲ್ಲಿ ಕೆಲವರು ಹವೆಯ ಬದಲಾವಣೆಯ ಪಾಲನ್ನೂ ಎತ್ತಿ ತೋರಿಸಿದರು. ಅಲ್ಲದೆ ಮಣ್ಣು ನೋಡಹೋದವನು ಪ್ಯಾಲೆಸ್ಟೈನಿನ ರಾಜಕಾರಣದಲ್ಲಿ ಒಂದು ಪಕ್ಷವನ್ನು ಹಿಡಿದು ಬಂದನು. 1944ರಲ್ಲಿ ಅದನ್ನು ಕುರಿತು ಪುಸ್ತಕವನ್ನೇ ಬರೆದನು. ನೆಲ ಹಾಳಾದ ತಪ್ಪನ್ನೆಲ್ಲ ಮೇಕೆ ಕಾಯುವವನ ಕೊರಳಿಗೆ ಕಟ್ಟುವುದು ಸುಲಭ. ಅರಸರು ಹೇರಿದ ಕಂದಾಯವನ್ನೂ ಸೈನ್ಯಗಳು ತುಳಿದ ದಾರಿಯನ್ನೂ ಹೊಸ್ತಿಲಿನಿಂದ ಅಳೆಯಲಾಗುವುದಿಲ್ಲ. ಪರರ ಹಣದಿಂದ ಪ್ರವಾಸ ಹೋದವನು ಕೇಳಿದುದಕ್ಕಿಂತ ಹೆಚ್ಚನ್ನು ಹೊತ್ತು ತರುವುದುಂಟು. ಕಳುಹಿಸಿದವರು ಅದನ್ನು ಬೇರ್ಪಡಿಸಿಕೊಳ್ಳಬೇಕು.

ಇನ್ನೊಂದು ಕೊರತೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಹತ್ತಿಕೊಂಡಿತು. ತುರ್ಕಿ, ಬಾಲ್ಕನ್ ದೇಶಗಳು, ಸ್ವಿಟ್ಜರ್ಲೆಂಡ್ ಕಾಣದೆಯೇ ಉಳಿದುವು. ಕಂಡುದು ಕೃಷಿ ಇಲಾಖೆಯ ಸಣ್ಣ ಪುಸ್ತಕವಾಗಿ ಅಚ್ಚಾಗುವ ಹೊತ್ತಿಗೆ 1953 ಬಂದಿದ್ದಿತು. ಆಯವ್ಯಯದ ಪಟ್ಟಿಯನ್ನು ಮಾರ್ಚಿಗೋ ಜೂನಿಗೋ ಮುಗಿಸಬೇಕಾದ ಲೆಕ್ಕಿಗನು, ಇಂಥ ಖರ್ಚಿನ ಎದುರಿಗೆ ಯಾವ ಫಲವನ್ನು ಬರೆದಾನು? ಆತನನ್ನು ದೂರುವಂತಿಲ್ಲ. ಬೆರಳಗಲದ ಮೇಲ್ಮಣ್ಣು ಕೂಡಲು ಹಲವು ಶತಮಾನಗಳು ಬೇಕು. ಆತನ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ.

ಆ ಪ್ರವಾಸದಲ್ಲಿ ಕಂಡ ಒಂದು ನೋಟವು ಉಳಿದಿದೆ. ಹಿಂದೆ ಲೆಬನಾನಿನ ಬೆಟ್ಟಗಳನ್ನೆಲ್ಲ ಮುಚ್ಚಿದ್ದ ಸೀಡರ್ ಮರಗಳು, ಹಿಮಾಲಯದ ದೇವದಾರುವಿನ ಜ್ಞಾತಿಗಳು, ಹಡಗುಗಳಿಗೂ ಅರಮನೆಗಳಿಗೂ ದೇವಾಲಯಗಳಿಗೂ ಕಡಿದು ಕಡಿದು ಮುಗಿದು, ಅಲ್ಲೊಂದು ಇಲ್ಲೊಂದು ತೋಪಾಗಿ ಉಳಿದಿದ್ದುವು. ಅವುಗಳಲ್ಲಿ ಒಂದರೊಳಗೆ ಸುಮಾರು 400 ಮರಗಳು; ನಡುವೆ ಒಂದು ಚಿಕ್ಕ ಇಗರ್ಜಿ, ಸುತ್ತಲೂ ಮೇಕೆಗಳು ಹಾರಲಾಗದ ಕಲ್ಲುಗೋಡೆ. ಗೋಡೆಯ ಹೊರಗೆ ಬೋಳು ಇಳಿಜಾರು. ಒಳಗೆ ಮುದಿ ಮರಗಳ ಕೆಳಗೆ ಕಪ್ಪು ಮಣ್ಣು. ಆ ಮಣ್ಣಿನಲ್ಲಿ ಬೀಜ ಬಿದ್ದು ತಾನಾಗಿ ಎದ್ದ ಎಳೆಯ ಸೀಡರ್ ಸಸಿಗಳು. ಮಳೆ ಎರಡು ಕಡೆಗೂ ಒಂದೇ, ಬಿಸಿಲು ಒಂದೇ. ಆ ಗೋಡೆಯನ್ನು 1876ರಲ್ಲಿ ಕಟ್ಟಿಸಲು ಹಣ ಕೊಟ್ಟವಳು ವಿಕ್ಟೋರಿಯಾ ರಾಣಿಯೆಂದು ಹೇಳುತ್ತಾರೆ. ಲೌಡರ್‌ಮಿಲ್ಕನು ಮೋಟಾರಿನಿಂದ ಇಳಿದು ಗೋಡೆಯ ಎರಡು ಮಗ್ಗುಲನ್ನೂ ನೋಡಿದನು, ಛಾಯಾಚಿತ್ರ ತೆಗೆದನು, ಮುಂದಿನ ಊರಿಗೆ ಹೊರಟನು.